ಕೆಜಿಎಫ್: ಸೈನೈಡ್ ದಿಬ್ಬದ ಪಕ್ಕದ ಜಾಗದಲ್ಲಿ ಮಕ್ಕಳಿಗೆ ಮೈದಾನ ಮಾಡಬಹುದಾ?

ಮಾರಿಕುಪ್ಪಂ ಲೋಕಲ್

ಎಲ್ಲರಿಗೂ ನಮಸ್ಕಾರ. ನಮ್ಮ ಲೈನ್ ಮನೆಗಳ ಹಿಂದೆ ಸುಮಾರು ಒಂದು ಎಕರೆ ಖಾಲಿ ಜಾಗ ಇದೆ. ಅದರಾಚೆಗೆ ಸೈನೈಡ್ ದಿಬ್ಬ, ಅಂದರೆ ಚಿನ್ನದ ಗಣಿಯವರು ಚಿನ್ನ ತೆಗೆದು ಸುರಿದ ಪುಡಿಯ ಗುಡ್ಡೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಲ್ಲಿ ಬರೀ ಬಳ್ಳಾರಿ ಜಾಲಿ ಬೆಳೆದಿತ್ತು. ಹುಡುಗರು ಕಡಿದು ಕ್ರಿಕೆಟ್ ಆಡುತ್ತಾರೆ. ಬಾಲ್ ದಿಬ್ಬದ ಕೊರಕಲಿಗೆ ಬಿದ್ದರೆ ಇಳಿದು ತರುತ್ತಾರೆ, ಮೇಲೆ ಬರುವಾಗ ಮೊಣಕಾಲ ತನಕ ಬೂದಿ ಬಳಿದ ಹಾಗಿರುತ್ತದೆ. ಆಷಾಢದ ಗಾಳಿ ಶುರುವಾದರೆ ಒಣಹಾಕಿದ ಯೂನಿಫಾರ್ಮನ್ನು ಕೊಡವಿಯೇ ಹಾಕಿಕೊಳ್ಳಬೇಕು.

ಈಗ ಬೀದಿಯವರೆಲ್ಲ ಸೇರಿ ಸರಿಯಾದ ಮೈದಾನ, ಕೂರೋಕೆ ಬೆಂಚು, ಒಂದು ಮೂಲೆಯಲ್ಲಿ ಸೊಪ್ಪಿನ ಮಡಿ ಮಾಡೋಣ ಅಂತಿದ್ದೇವೆ. ಒಬ್ಬರು ವಿಷ ಇದೆ, ಮುಟ್ಟಲೇಬೇಡಿ ಅಂತಾರೆ. ಇನ್ನೊಬ್ಬರು ಅಷ್ಟು ಹಳೇ ಸೈನೈಡ್ ಇನ್ನೂ ಇರುತ್ತಾ, ಸುಮ್ನೆ ಹೆದರಿಸ್ತಾರೆ ಅಂತಾರೆ. ಜೆಸಿಬಿ ಕರೆಸೋ ಮೊದಲು ಏನು ಪರೀಕ್ಷೆ ಮಾಡಿಸಬೇಕು?

ಮಣ್ಣು ಮೇಡಂ

ಜೆಸಿಬಿ ಈಗಲೇ ಬೇಡಪ್ಪಾ. ನಾನು ಮಣ್ಣು, ನೀರು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿದ್ದೇನೆ. ಇಂಥ ಪ್ರಶ್ನೆ ಬಂದಾಗೆಲ್ಲ ಜನ ಕೇಳುವುದು ಸೈನೈಡ್ ಒಂದನ್ನೇ. ಮೇಲ್ಪದರದ ಸೈನೈಡ್ ಬಿಸಿಲಿಗೆ, ಗಾಳಿಗೆ ಬಹುಪಾಲು ಹೋಗಿರುತ್ತದೆ. ಕಬ್ಬಿಣದ ಜೊತೆ ಸೇರಿಕೊಂಡಿದ್ದು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಹಾಗಾಗಿ ಅದನ್ನೂ ನೋಡಿಸಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಆರ್ಸೆನಿಕ್, ಸೀಸ ಎಷ್ಟು ವರ್ಷ ಆದರೂ ತಾವಾಗಿ ಇಲ್ಲವಾಗುವುದಿಲ್ಲ.

ಅದಕ್ಕಿಂತ ದೊಡ್ಡದು ಧೂಳು. ಚಿನ್ನ ಬಿಡಿಸೋಕೆ ಬಿಳಿಕಲ್ಲನ್ನು ಹಿಟ್ಟಿನ ಹಾಗೆ ಅರೆದಿದ್ದಾರೆ, ಆಮೇಲೆ ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದಿದ್ದಾರೆ. ಉಳಿದ ಹಿಟ್ಟೇ ನಿಮ್ಮ ದಿಬ್ಬ. ಅದು ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶದಲ್ಲೇ ಕೂರುತ್ತದೆ. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಎಂಥದ್ದು ಅಂತ ಕೆಜಿಎಫ್‌ನವರಿಗೆ ನಾನು ಹೇಳಬೇಕಾಗಿಲ್ಲ, ಅಲ್ವಾ?

ಜಾಗವನ್ನು ಚೌಕ ಚೌಕ ಮಾಡಿ, ಪ್ರತಿ ಚೌಕದಲ್ಲೂ ಮೇಲಿನ ಎರಡು ಇಂಚು ಮಣ್ಣು ಒಂದು ಚೀಲ, ಒಂದಡಿ ಆಳದ್ದು ಇನ್ನೊಂದು ಚೀಲ ತೆಗೆಯಿರಿ. ಬ್ಯಾಟ್ಸ್‌ಮನ್ ನಿಲ್ಲುವ ಜಾಗ, ದಿಬ್ಬದಿಂದ ಮಳೆನೀರು ಇಳಿದು ನಿಲ್ಲುವ ಜಾಗ ಬಿಡಲೇಬೇಡಿ. ಊರಾಚೆಯ ಹೊಲದ ಮಣ್ಣೂ ಒಂದು ಚೀಲ ಇರಲಿ, ಇಲ್ಲದಿದ್ದರೆ ಜಾಸ್ತಿ ಕಮ್ಮಿ ಅಂತ ಯಾವುದಕ್ಕೆ ಹೋಲಿಸೋದು? ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೆ ಕೊಡಿ. ಸೊಪ್ಪಿನ ಮಡಿ ಸದ್ಯಕ್ಕೆ ಮರೆತುಬಿಡಿ.

ಹಳೇ ಮಿಲ್

ನಾನು ಗಣಿಯ ಕಲ್ಲು ಅರೆಯುವ ಮಿಲ್ಲಿನಲ್ಲಿ ಇದ್ದವನು. ಮೇಡಂ ಹೇಳಿದ್ದು ಸರಿ. ಒಂದು ಮಾತು ಸೇರಿಸ್ತೀನಿ ತಮ್ಮಾ. ಆ ಖಾಲಿ ಜಾಗ ಸಪಾಟಾಗಿದೆ ಅಂದರೆ ಅದು ನೆಲವೇ ಅಂತ ಅಂದುಕೋಬೇಡ. ಕೆಸರು ಪೈಪಿನಲ್ಲೇ ಬರ್ತಿತ್ತು. ಪೈಪ್ ಒಡೆದ ಕಡೆಯೆಲ್ಲ ಹರಡಿ ಒಣಗಿದೆ, ಮೇಲೆ ಒಂದು ಗೇಣು ಕೆಮ್ಮಣ್ಣು ಕೂತಿರುತ್ತೆ ಅಷ್ಟೆ. ಒಂದು ಮೊಣಕಾಲುದ್ದ ಗುಂಡಿ ತೋಡಿ ನೋಡು. ಬೆಳ್ಳಗೆ, ಪದರ ಪದರವಾಗಿ ಕಂಡರೆ ಅದು ದಿಬ್ಬದ ಮಾಲೇ.

ಬಂಗಾರಪೇಟೆ ವಕೀಲ

ಪರೀಕ್ಷೆಗೆ ದುಡ್ಡು ಹಾಕೋ ಮೊದಲು ಸರ್ವೆ ನಕ್ಷೆ ನೋಡಿ. ಜಾಗ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್, ಇಲ್ಲಿನ ಗಣಿ ನಡೆಸಿದ ಸರ್ಕಾರಿ ಕಂಪನಿ) ಹೆಸರಲ್ಲಿದ್ದರೆ ಕೇಂದ್ರದ ಗಣಿ ಇಲಾಖೆಯ ಅಡಿ ಬರುತ್ತದೆ, ನಗರಸಭೆ ಒಪ್ಪಿಗೆ ಸಾಲದು. ಇನ್ನೊಂದು ವಿಷಯ. 13 ದಿಬ್ಬಗಳಲ್ಲಿ ಮತ್ತೆ ಚಿನ್ನ ತೆಗೆಯೋಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿದೆ. ಒಟ್ಟು ಸುಮಾರು 1,003 ಎಕರೆ. ನಿಮ್ಮ ದಿಬ್ಬ ಅದರಲ್ಲಿದ್ದರೆ ಮೈದಾನದ ಪಕ್ಕದಲ್ಲೇ ಅಗೆತ ಶುರುವಾಗಬಹುದು.

ಕಲುಷಿತ ಜಾಗಗಳಿಗೆ ಅಂತ 2025ರ ಜುಲೈನಲ್ಲಿ ಕೇಂದ್ರ ಹೊಸ ನಿಯಮ ತಂದಿದೆ ಅಂತ ಯಾರಾದರೂ ಹೇಳಿದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಗಣಿಗಾರಿಕೆಯಿಂದ ಕೆಟ್ಟ ಜಾಗವನ್ನು ಅದು ಸಾಮಾನ್ಯವಾಗಿ ಹೊರಗಿಟ್ಟಿದೆ. ನಮ್ಮ ಕಡೆಗೆ ಬೇಕಾಗಿದ್ದನ್ನೇ ಬಿಟ್ಟಿದ್ದಾರೆ!

ಮಾರಿಕುಪ್ಪಂ ಲೋಕಲ್

ತುಂಬಾ ಥ್ಯಾಂಕ್ಸ್. ಹಳೇ ಮಿಲ್ ಅಣ್ಣಾ, ಇವತ್ತು ಸಂಜೆ ತೋಡಿ ನೋಡಿದೆವು. ದಿಬ್ಬದ ಕಡೆ ಬೆಳ್ಳನೆ ಪದರ ಇದೆ, ಮನೆಗಳ ಕಡೆ ಬರೀ ಕೆಮ್ಮಣ್ಣು. ಮೇಡಂ, ಬೆಳ್ಳನೆ ಭಾಗವನ್ನು ಅಗೆದು ಬೇರೆ ಕಡೆ ಹಾಕಿಸಿಬಿಡೋದಾ?

ಮಣ್ಣು ಮೇಡಂ

ಬೇಡ. ಎಲ್ಲಿ ಹಾಕುತ್ತೀರಿ? ಇನ್ನೊಂದು ಬೀದಿಯವರ ಬಾಗಿಲಿಗೆ ಹೋಗುತ್ತದೆ ಅಷ್ಟೇ. ಒಪ್ಪಿಗೆ ಸಿಕ್ಕಿ, ವರದಿಯೂ ಪರವಾಗಿಲ್ಲ ಅಂತ ಬಂದರೆ ಆಟ ಕೆಮ್ಮಣ್ಣಿನ ಕಡೆ ಇರಲಿ. ಬೆಳ್ಳನೆ ಕಡೆ ಬಣ್ಣದ ಜಿಯೋ ಬಟ್ಟೆ (ಮಣ್ಣಿನಡಿ ಹಾಸುವ ಗಟ್ಟಿ ಬಟ್ಟೆ) ಹಾಸಿ, ಮೇಲೆ ಎರಡಡಿ ಒಳ್ಳೆ ಮಣ್ಣು, ಹುಲ್ಲು. ಮುಂದೆ ಯಾರಾದರೂ ಅಗೆದರೆ ಬಟ್ಟೆ ಕಂಡ ತಕ್ಷಣ ನಿಲ್ಲಿಸುತ್ತಾರೆ. ದಿಬ್ಬದ ಬುಡಕ್ಕೆ ಒಂದು ಬದು, ಅದರ ಮೇಲೆ ಲಾವಂಚ. ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ, ಕೊಚ್ಚಿ ಬರುವುದು ಅಲ್ಲೇ ನಿಲ್ಲುತ್ತದೆ. ಬದುವಿನ ಹಿಂದೆ ತುಂಬಿದ ಹೂಳನ್ನು ಪ್ರತಿ ಮಳೆಗಾಲ ಆದಮೇಲೆ ಒದ್ದೆ ಇರುವಾಗಲೇ ತೆಗೆಸಿ. ಒಣಗಿದ ಮೇಲೆ ಮುಟ್ಟಿದರೆ ಅದೇ ಧೂಳು. ತೆಗೆದ ಹೂಳು ದಿಬ್ಬದ ಕಡೆಗೇ ಹೋಗಬೇಕು, ರಸ್ತೆಗಲ್ಲ.

ಎರಡಡಿ ಮಣ್ಣಿಗೆ ಕೆರೆ ಹೂಳು ತರಿಸ್ತೀರಾದರೆ ಯಾವ ಕೆರೆ ಅಂತ ಮೊದಲು ಹೇಳಿ. ದಿಬ್ಬದ ನೀರು ಹರಿದು ಸೇರುವ ಕೆರೆಯಾದರೆ ಬೇಡವೇ ಬೇಡ.