ಡಿವಿಡಿ ಬರ್ನ್ ಆಗ್ತಿಲ್ಲ, ‘ಪವರ್ ಕ್ಯಾಲಿಬ್ರೇಶನ್’ ಎರರ್: ಸಾಫ್ಟ್‌ವೇರ್ ಬದಲಿಸಬೇಕಾ?

ಪ್ರಶ್ನೆ (ಶಿರಸಿ)

ಯಕ್ಷಗಾನದ ಆಟದ ವಿಡಿಯೊ ಡಿವಿಡಿಗೆ ಹಾಕಬೇಕು. ಮನೆಯ ಹಿರಿಯರು ನೋಡುವುದು ಹಳೇ ಪ್ಲೇಯರಿನಲ್ಲಿ, ಅದಕ್ಕೆ ಪೆನ್‌ಡ್ರೈವ್ ಹಾಕುವ ಜಾಗವಿಲ್ಲ. ವಿಂಡೋಸ್ 10, ಡೆಸ್ಕ್‌ಟಾಪಿನ ಸಾಟಾ ರೈಟರ್ (ಡಿಸ್ಕು ಬರೆಯುವ ಡ್ರೈವು), ಬರ್ನ್ ಮಾಡುವ ಸಾಫ್ಟ್‌ವೇರ್ ಇಮ್ಗ್‌ಬರ್ನ್ 2.5.8.0, 16ಎಕ್ಸ್ ವೇಗದ ಡಿವಿಡಿ-ಆರ್ (ಒಮ್ಮೆ ಮಾತ್ರ ಬರೆಯುವ ಡಿಸ್ಕು). ಬರ್ನ್ ಒತ್ತಿದ ಕೂಡಲೇ ‘ಪವರ್ ಕ್ಯಾಲಿಬ್ರೇಶನ್ ಏರಿಯಾ ಎರರ್’. ಅದೇ ಡಬ್ಬಿಯ ಒಂದು ಡಿಸ್ಕಿಗೆ ಎಂಪಿ4 ಫೈಲು ಪೂರ್ತಿ ಬರ್ನ್ ಆಯ್ತು, ಕಂಪ್ಯೂಟರಿನಲ್ಲಿ ಓಡುತ್ತದೆ, ಪ್ಲೇಯರಿಗೆ ಹಾಕಿದರೆ ‘ನೋ ಡಿಸ್ಕ್’. ಇನ್ನೊಂದು ಫೈಲು 4.5 ಜಿಬಿ ಇದೆ, 4.7ರ ಡಿಸ್ಕಿಗೆ ಹಿಡಿಯುವುದಿಲ್ಲ ಅನ್ನುತ್ತದೆ.

ಉತ್ತರ (ಕುಮಟಾ)

ಸಾಫ್ಟ್‌ವೇರ್ ಮುಟ್ಟಬೇಡಿ. ಈ ಎರರ್ ಹೇಳುತ್ತಿರುವುದು ಡ್ರೈವು, ಇಮ್ಗ್‌ಬರ್ನ್ ಬರೀ ಓದಿ ತೋರಿಸುತ್ತದೆ. ಬರೆಯುವ ಮೊದಲು ಡ್ರೈವು ಡಿಸ್ಕಿನ ಒಳಅಂಚಿನಲ್ಲಿ ಲೇಸರನ್ನು ಪರೀಕ್ಷೆ ಮಾಡಿ, ಎಷ್ಟು ಶಕ್ತಿ ಬೇಕೆಂದು ನಿಗದಿ ಮಾಡಿಕೊಳ್ಳುತ್ತದೆ. ಅದು ಕೂಡಿಬರದಿದ್ದರೆ ಈ ಎರರ್. ಕಾರಣ ಹೆಚ್ಚಾಗಿ ಈ ಮೂರರಲ್ಲೊಂದು: ಲೆನ್ಸ್ ಮೇಲೆ ಧೂಳು ಅಥವಾ ಬೂಸ್ಟು, ಕಳಪೆ ಡಿಸ್ಕು, ಇಲ್ಲವೇ ಸವೆದ ಲೇಸರ್. ಒಂದು ಡಿಸ್ಕು ಬರೆದಿದೆ ಅಂದಮೇಲೆ ಲೇಸರ್ ಪೂರ್ತಿ ಸತ್ತಿಲ್ಲ.

ಮೊದಲು ವೇಗ ಇಳಿಸಿ. ಡಿಸ್ಕು ಹಾಕಿದಾಗ ಬಲಬದಿಯಲ್ಲಿ ‘ಸಪೋರ್ಟೆಡ್ ರೈಟ್ ಸ್ಪೀಡ್ಸ್’ ಕಾಣುತ್ತದೆ, ಅದರಲ್ಲಿ 8ಎಕ್ಸ್ ಇದ್ದರೆ ಅದನ್ನೇ ಆರಿಸಿ. ತೀರಾ ನಿಧಾನ ಮಾಡಿದರೆ ಇನ್ನೂ ಒಳ್ಳೆಯದು ಅನ್ನುವುದು ಎಲ್ಲ ಡಿಸ್ಕಿಗೂ ನಿಜವಲ್ಲ; 16ಎಕ್ಸ್ ಡಿಸ್ಕಿನ ಬಣ್ಣದ ಪದರ 4ಎಕ್ಸ್‌ನಲ್ಲಿ ಕೆಲವೊಮ್ಮೆ ಕೆಟ್ಟದಾಗಿಯೇ ಬರೆಸಿಕೊಳ್ಳುತ್ತದೆ.

ಆಮೇಲೆ ಲೆನ್ಸು. ಲ್ಯಾಪ್‌ಟಾಪಿನ ತೆಳ್ಳನೆ ಡ್ರೈವಾದರೆ ಟ್ರೇ ಜೊತೆಗೇ ಲೆನ್ಸ್ ಹೊರಗೆ ಬರುತ್ತದೆ. ನಿಮ್ಮದು ಡೆಸ್ಕ್‌ಟಾಪಿನದು, ಲೆನ್ಸ್ ಒಳಗೇ ಉಳಿಯುತ್ತದೆ, ಬಿಚ್ಚಲೇಬೇಕು. ಕರೆಂಟು ತೆಗೆದು, ಮುಂದಿನ ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ತೂರಿಸಿ ಟ್ರೇ ಎಳೆದುಕೊಳ್ಳಿ, ಆಮೇಲೆ ಅಡಿಯ ಸ್ಕ್ರೂ ತೆಗೆಯಿರಿ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೇ ಹನಿ. ಲೆನ್ಸ್ ಸಣ್ಣ ಸ್ಪ್ರಿಂಗಿನ ಮೇಲೆ ಕೂತಿರುತ್ತದೆ, ಒತ್ತಿದರೆ ಓರೆಯಾಗುತ್ತದೆ. ತಾಗಿಸಿ ಸುತ್ತಿಸಿದರೆ ಸಾಕು. ಬಾಯಲ್ಲಿ ಊದಬೇಡಿ ಮಾರಾಯ್ರೆ, ಉಗುಳಿನ ಹನಿ ಧೂಳಿಗಿಂತ ಕಡೆ.

ಮಳೆಗಾಲದಲ್ಲಾದರೆ ಕಂಪ್ಯೂಟರ್ ಹಾಕಿ ಇಪ್ಪತ್ತು ನಿಮಿಷ ಬಿಟ್ಟು ಬರ್ನ್ ಮಾಡಿ, ಡ್ರೈವಿನ ಥಂಡಿ ಆರುತ್ತದೆ.

ಉತ್ತರ (ಸಿದ್ದಾಪುರ)

ಉಳಿದ ಎರಡು ಬೇರೆಯದೇ ಸಂಗತಿ. ಡಿಸ್ಕಿನ ಮೇಲೆ ಬರೆದ 4.7 ಅಂದರೆ 470 ಕೋಟಿ ಬೈಟ್. ವಿಂಡೋಸ್ ಅದನ್ನೇ 4.38 ಜಿಬಿ ಎಂದು ತೋರಿಸುತ್ತದೆ. 4.5 ಹಿಡಿಯುವುದು ಸಾಧ್ಯವೇ ಇಲ್ಲ.

ಹಳೇ ಪ್ಲೇಯರಿಗೆ ಎಂಪಿ4 ಗೊತ್ತಿಲ್ಲ. ಅದಕ್ಕೆ ಬೇಕಾದ್ದು ವಿಡಿಯೊ_ಟಿಎಸ್ ಫೋಲ್ಡರು, ಅದರೊಳಗೆ ಎಂಪೆಗ್-2 ವಿಡಿಯೊ, ಪಾಲ್ (ನಮ್ಮ ಕಡೆಯ ಟಿವಿ ಪದ್ಧತಿ), 720×576, ಸೆಕೆಂಡಿಗೆ 25 ಫ್ರೇಮ್. ಡಿವಿಡಿಸ್ಟೈಲರ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಪಾಲ್ ಆರಿಸಿ ಐಎಸ್ಒ (ಇಡೀ ಡಿಸ್ಕಿನ ಪ್ರತಿ ಒಂದೇ ಫೈಲಿನಲ್ಲಿ) ಮಾಡಿಕೊಂಡು ಅದನ್ನು ಇಮ್ಗ್‌ಬರ್ನಿನಲ್ಲಿ ಬರೆಯಿರಿ. ಧ್ವನಿ ಸೇರಿ ಸೆಕೆಂಡಿಗೆ 5 ಮೆಗಾಬಿಟ್ ಇಟ್ಟರೆ ಡಿಸ್ಕಿಗೆ ಎರಡು ತಾಸು. ಮೂರು ತಾಸು ತುರುಕಿದರೆ ಮಾತುಗಾರಿಕೆಯ ಹೊತ್ತಿಗೆ ಅಡ್ಡಿಲ್ಲ, ಆದರೆ ಮಂಡಿ ಕುಣಿತ ಬಂದಾಗ ಚಿತ್ರ ಚೌಕ ಚೌಕ ಆಗುತ್ತದೆ. ಆರು ತಾಸಿನ ಆಟಕ್ಕೆ ಮೂರು ಡಿಸ್ಕು ಅಂತ ಲೆಕ್ಕ ಹಾಕಿ, ಪದ್ಯದ ನಡುವೆ ಕತ್ತರಿ ಬೀಳದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ (ಶಿರಸಿ)

ವೇಗದ ಪಟ್ಟಿಯಲ್ಲಿ 8 ಇದೆ. ಅರ್ಧದಲ್ಲಿ ಕರೆಂಟು ಹೋದರೆ ಮುಂದುವರಿಸಬಹುದಾ?

ಉತ್ತರ (ಕಾರವಾರ)

ಇಲ್ಲ, ಆ ಡಿವಿಡಿ-ಆರ್ ಹೋದ ಹಾಗೆಯೇ. ಡ್ರೈವಿನ ಬಫರ್ ಅಂಡರ್‌ರನ್ ರಕ್ಷಣೆ ಕೆಲಸಕ್ಕೆ ಬರುವುದು ಕಂಪ್ಯೂಟರ್ ಡೇಟಾ ಕೊಡಲು ತಡಮಾಡಿದಾಗ ಮಾತ್ರ. 8ಎಕ್ಸ್‌ನಲ್ಲಿ ತುಂಬಿದ ಡಿಸ್ಕಿಗೆ ಸುಮಾರು 8 ನಿಮಿಷ, ಅಷ್ಟಕ್ಕೆ ಸಾಧಾರಣ ಯುಪಿಎಸ್ ಸಾಲುತ್ತದೆ. ತಾಸುಗಟ್ಟಲೆ ಹಿಡಿಯುವುದು ಐಎಸ್ಒ ತಯಾರಿ, ಅದನ್ನು ಮೊದಲೇ ಮುಗಿಸಿ ಇಟ್ಟುಕೊಳ್ಳಿ. ಐಎಸ್ಒ ಮೇಲೆ ಡಬಲ್ ಕ್ಲಿಕ್ ಮಾಡಿದರೆ ವಿಂಡೋಸ್ 10 ಅದನ್ನು ಡಿಸ್ಕಿನ ಹಾಗೆ ತೆರೆಯುತ್ತದೆ. ವಿಎಲ್‌ಸಿಯಲ್ಲಿ ಓಡಿಸಿ ನೋಡಿ ಆಮೇಲೆ ಬರೆದರೆ ಡಿಸ್ಕು ದಂಡವಾಗುವುದಿಲ್ಲ. ಬರೆದದ್ದನ್ನು ಓದಿ ತಾಳೆ ನೋಡುವ ‘ವೆರಿಫೈ’ ಟಿಕ್ ತೆಗೆಯಬೇಡಿ. ಉಳಿದ ಖಾಲಿ ಡಿಸ್ಕುಗಳನ್ನು ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆ ಹಾಕಿಡಿ.