ಮೂಲೆಯ ಬಾರ್: ಸಂಗೀತದ ಬಾಸ್ (ಗುಡುಗುವ ಕೆಳ ಸ್ವರ) ಸದ್ದು, ಅಡುಗೆ ಹೊಗೆ, ಮುಚ್ಚುವ ಹೊತ್ತಿನ ಗಲಾಟೆ. ಮಾಲೀಕರ ಮುಂದೆ ಏನಿಡೋಣ?

ಮನೆ 12: ಭಾನುವಾರ ಬೆಳಿಗ್ಗೆ ಬಾರ್ ಮಾಲೀಕರು ಮಾತಿಗೆ ಬರ್ತಾರೆ. "ತುಂಬಾ ತೊಂದರೆ ಆಗ್ತಿದೆ" ಅಂತ ಹೇಳಿ ಎದ್ದು ಬಂದರೆ ಏನೂ ಆಗಲ್ಲ. ಯಾವ ತೊಂದರೆ, ಎಷ್ಟು ಹೊತ್ತಿಗೆ, ಎಲ್ಲಿಂದ, ಏನು ಮಾಡಿದರೆ ಹೋಗುತ್ತೆ ಅನ್ನೋದನ್ನ ಇಲ್ಲಿ ಬರೆಯಿರಿ. ಮುಚ್ಚಿಸಬೇಕು ಅನ್ನೋ ವಾದ ಬೇಡ. ಅಲ್ಲಿ ಊಟಕ್ಕೆ ಹೋಗುವವರು ಈ ಗುಂಪಲ್ಲೇ ಬೇಕಾದಷ್ಟು ಜನ ಇದ್ದಾರೆ.

ಮನೆ 27: ಸದ್ದಿನ ಬಗ್ಗೆ. ಫೋನ್ ಆಪ್ ಹಿಡಿದು "45 ಡೆಸಿಬೆಲ್ ಅಷ್ಟೇ" ಅಂದರೆ ನಂಬಬೇಡಿ. ಹೆಚ್ಚಿನ ಆಪ್‌ಗಳು 'ಎ' ಮಾಪನದಲ್ಲಿರುತ್ತವೆ, ಅಂದರೆ ಕೆಳ ಸ್ವರಗಳನ್ನ ಕಡಿಮೆ ಲೆಕ್ಕ ಹಾಕುವ ಅಳತೆ. ಅದರಲ್ಲಿ 63 ಹರ್ಟ್ಜ್‌ನ ಬಾಸ್ ಸುಮಾರು 26 ಡೆಸಿಬೆಲ್ ಕಡಿಮೆಯಾಗಿ ಲೆಕ್ಕಕ್ಕೆ ಬರುತ್ತೆ. ಬಾಸನ್ನ ಹೆಚ್ಚುಕಡಿಮೆ ಪೂರ್ತಿ ಲೆಕ್ಕಕ್ಕೆ ತಗೊಳ್ಳುವ 'ಸಿ' ಮಾಪನಕ್ಕೆ ಬದಲಿಸಿ ಅದೇ ಜಾಗದಲ್ಲಿ ಇನ್ನೊಮ್ಮೆ ಅಳೆಯಿರಿ. ಎರಡರ ನಡುವೆ 20ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಅಂತರ ಬಂದರೆ ಕಾಟ ಬಾಸ್‌ನದೇ. ಸಂಗೀತ ಇದ್ದಾಗ ಐದು ನಿಮಿಷ, ನಿಂತ ಮೇಲೆ ಐದು ನಿಮಿಷ. ಫೋನಿನ ಮೈಕ್ ಕೆಳ ಸ್ವರಗಳನ್ನ ಸರಿಯಾಗಿ ಹಿಡಿಯಲ್ಲ, ಹಾಗಾಗಿ ಇದು ಹೋಲಿಸಿ ನೋಡೋಕೆ ಮಾತ್ರ, ಸಾಕ್ಷಿಗೆ ಅಲ್ಲ.

ಮನೆ 9: ವಾಲ್ಯೂಮ್ ಕಡಿಮೆ ಮಾಡಿ ಅಂತ ಕೇಳಿದರೆ ಸಾಲದಾ?

ಮನೆ 27: ಸಾಲದು ಸರ್. ಜನ ತುಂಬಿದಂತೆ ಮಾತಿನ ಸದ್ದು ಏರುತ್ತೆ, ಅದನ್ನ ಮೀರೋಕೆ ಸಂಗೀತ ಏರಿಸ್ತಾರೆ, ಅದನ್ನ ಮೀರೋಕೆ ಜನ ಕೂಗ್ತಾರೆ. ಆಂಪ್ಲಿಫೈಯರ್‌ಗೆ ಮೊದಲು ಲಿಮಿಟರ್ (ಸದ್ದು ಗೊತ್ತುಮಾಡಿದ ಮಿತಿ ಮೀರದಂತೆ ತಡೆಯುವ ಸಾಧನ) ಹಾಕಿಸಿ ಬೀಗ ಜಡಿಯಬೇಕು. ಮಿತಿಯನ್ನ ಬಾರ್ ಒಳಗೆ ನಿಂತು ಗೊತ್ತುಮಾಡೋದಲ್ಲ. ಒಬ್ಬರು ಹತ್ತಿರದ ಮಲಗುವ ಕೋಣೆಯಲ್ಲಿ ಕಿಟಕಿ ಮುಚ್ಚಿ ಕೂತು, ಫೋನಲ್ಲಿ "ಇನ್ನೂ ಇಳಿಸಿ" ಅಂತ ಹೇಳ್ತಾ ಹೊಂದಿಸಬೇಕು. ಸಬ್‌ವೂಫರ್ (ಬಾಸ್ ಪೆಟ್ಟಿಗೆ) ಈಗ ಜಂಟಿ ಗೋಡೆಗೆ ಒರಗಿ ನೆಲದ ಮೇಲಿದೆ. ಅದನ್ನ ಗೋಡೆಯಿಂದ ಸರಿಸಿ, ಅದರ ತೂಕಕ್ಕೆ ತಕ್ಕ ರಬ್ಬರ್ ಪ್ಯಾಡ್ ಮೇಲೆ ಕೂರಿಸಿದರೆ ಕಟ್ಟಡಕ್ಕೆ ನಡುಕ ಇಳಿಯೋದು ಕಡಿಮೆ ಆಗುತ್ತೆ. ಗೋಡೆಗೆ ಫೋಮ್ ಅಂಟಿಸ್ತೀವಿ ಅಂತ ಅವರು ಹೇಳಬಹುದು, ಒಪ್ಪಬೇಡಿ. 63 ಹರ್ಟ್ಜ್ ಅಲೆಯ ಉದ್ದ ಐದು ಮೀಟರಿಗೂ ಹೆಚ್ಚು, ಎರಡು ಇಂಚಿನ ಫೋಮ್ ಅದನ್ನ ತಡೆಯಲ್ಲ. ಫೋಮ್‌ನಿಂದ ಒಳಗಿನ ಪ್ರತಿಧ್ವನಿ ಮಾತ್ರ ತಗ್ಗುತ್ತೆ.

ಮನೆ 31: ಬಾಗಿಲು ಮರೀಬೇಡಿ. ಒಬ್ಬೊಬ್ಬರು ಹೊರಬಂದಾಗಲೂ ಇಡೀ ಸದ್ದು ರಸ್ತೆಗೆ ಬೀಳುತ್ತೆ. ನಡುವೆ ಜಾಗ ಬಿಟ್ಟು ಎರಡು ಬಾಗಿಲು, ಎರಡಕ್ಕೂ ಡೋರ್ ಕ್ಲೋಸರ್. ಅಂತರ ಸಾಲದಿದ್ದರೆ ಎರಡೂ ಒಟ್ಟಿಗೆ ತೆರೆದುಕೊಳ್ಳುತ್ತವೆ, ಆಮೇಲೆ ಇದ್ದೂ ಇಲ್ಲದ ಹಾಗೆ.

ಮನೆ 9: ಹೊಗೆ ನಾನು ಬರೀತೀನಿ. ಎಕ್ಸಾಸ್ಟ್ ಕೊಳವೆ ಪಕ್ಕದ ಗೋಡೆಯಿಂದ ಹೊರಬಂದು ಮೊದಲ ಮಹಡಿ ಕಿಟಕಿ ಮಟ್ಟದಲ್ಲೇ ಮುಗಿಯುತ್ತೆ. ಮೇಲೊಂದು ಟೋಪಿ ಬೇರೆ, ಅದು ಹೊಗೆಯನ್ನ ಕೆಳಗೇ ತಿರುಗಿಸುತ್ತೆ. ಕೊಳವೆ ನೇರ ಮೇಲಕ್ಕೆ ಹೋಗಿ ಚಾವಣಿಗಿಂತ ಕನಿಷ್ಠ 1 ಮೀಟರ್ ಎತ್ತರದಲ್ಲಿ ಬಿಡಬೇಕು, ಗಾಳಿ ಸೆಕೆಂಡಿಗೆ 10ರಿಂದ 15 ಮೀಟರ್ ವೇಗದಲ್ಲಿ ಹೊರಬರಬೇಕು. ವಾಸನೆ ಹೀರುವ ಕಾರ್ಬನ್ ಫಿಲ್ಟರ್ ಹಾಕಿಸ್ತೀವಿ ಅಂದರೆ ಒಂದು ಪ್ರಶ್ನೆ ಕೇಳಿ: ಅದಕ್ಕೆ ಮೊದಲು ಜಿಡ್ಡು ತೆಗೆಯೋಕೆ ಏನಿದೆ? ಜಿಡ್ಡು ಹತ್ತಿದ ಕಾರ್ಬನ್ ಬೇಗ ಕೆಡುತ್ತೆ, ಬಿಸಿಯೂ ಹಬೆಯೂ ಹೆಚ್ಚಾದರೆ ವಾಸನೆ ಹಿಡಿಯೋ ಶಕ್ತಿ ಕುಗ್ಗುತ್ತೆ. ಒಲೆ ಮೇಲೆ ಹೊಗೆ ಹೀರುವ ಹುಡ್‌ನ ಫಿಲ್ಟರ್‌ಗಳ ನಡುವೆ ಸಂದು ಇದ್ದರೂ ಗಾಳಿ ಆ ಸಂದಿನಲ್ಲೇ ನುಗ್ಗುತ್ತೆ. ಡಕ್ಟ್ (ಹೊಗೆ ಕೊಳವೆ) ಒಳಗೆ ಮೂರು ತಿಂಗಳಿಗೊಮ್ಮೆ, ಇದ್ದಿಲ ಒಲೆ ಇದ್ದರೆ ತಿಂಗಳಿಗೊಮ್ಮೆ ಶುಚಿಮಾಡಿಸಬೇಕು. ಇದನ್ನ ವಾಸನೆಯ ದೂರು ಅಂತ ಮಾತ್ರ ಹೇಳಬೇಡಿ. ಡಕ್ಟ್‌ನ ಜಿಡ್ಡಿಗೆ ಬೆಂಕಿ ಹತ್ತಿದರೆ ಚಾವಣಿವರೆಗೂ ಏರುತ್ತೆ.

ಮನೆ 31: ಚರಂಡಿ ಕಟ್ಟಿಕೊಳ್ಳೋದಕ್ಕೂ ಜಿಡ್ಡೇ ಕಾರಣ. ಗ್ರೀಸ್ ಟ್ರ್ಯಾಪ್‌ನಲ್ಲಿ (ಅಡುಗೆಮನೆ ನೀರಿನ ಜಿಡ್ಡು ಹಿಡಿದಿಡುವ ತೊಟ್ಟಿ) ಜಿಡ್ಡು ಮತ್ತು ಕೆಸರು ಸೇರಿ ಆಳದ ಕಾಲುಭಾಗ ತುಂಬುವ ಮೊದಲೇ ತೆಗೆಸಬೇಕು. ಬಿಸಿನೀರು, ಸೋಪು ಸುರಿದರೆ ಕರಗಿ ಮುಂದೆ ಹೋಗಿ ತಣ್ಣಗಾದಲ್ಲಿ ಗಟ್ಟಿಯಾಗುತ್ತೆ, ಅಂದರೆ ನಮ್ಮ ಚೇಂಬರಿನಲ್ಲಿ. ಶುಚಿಮಾಡಿದ ದಿನಗಳ ಪುಸ್ತಕ ತೋರಿಸಿ ಅನ್ನಿ.

ಮನೆ 5: ಮುಚ್ಚುವ ಹೊತ್ತಿನ ಗಲಾಟೆಗೆ ಅಡುಗೆಮನೆ ಬೇಗ ಬಂದ್ ಮಾಡೋದೂ ಕಾರಣ. ಊಟ ನಿಂತ ಮೇಲೆ ಬರೀ ಗ್ಲಾಸ್. ಕೊನೆಯ ಆರ್ಡರ್‌ವರೆಗೂ ಊಟ ಕೊಡಲಿ, ಅಮಲು ಇಳಿಯುತ್ತೆ.

ಮನೆ 18: ಅರ್ಧ ಸರಿ ಮೇಡಂ. ಊಟ ಇಳಿಸಲ್ಲ, ಏರೋದನ್ನ ನಿಧಾನ ಮಾಡುತ್ತೆ. ಹೊಟ್ಟೆ ತುಂಬಿದ್ದರೆ ಮದ್ಯ ಸಣ್ಣ ಕರುಳಿಗೆ ತಡವಾಗಿ ಹೋಗುತ್ತೆ, ಅದಕ್ಕೇ ಕುಡಿಯೋ ಮೊದಲು ಅಥವಾ ಜೊತೆಗೇ ತಿನ್ನಬೇಕು. 5 ಶೇಕಡಾದ 330 ಮಿಲಿ ಬಿಯರ್‌ನಲ್ಲಿ ಸುಮಾರು 13 ಗ್ರಾಂ ಆಲ್ಕೋಹಾಲ್. ಅದನ್ನ ಕಳೆಯೋಕೆ ದೇಹಕ್ಕೆ ಒಂದು ಗಂಟೆಗಿಂತ ಹೆಚ್ಚೇ ಬೇಕು, ಕಾಫಿ ಕುಡಿದರೂ ಬೇಗ ಆಗಲ್ಲ. ಕೇಳಬೇಕಾದ್ದು: ಕೂತ ತಕ್ಷಣ ಮೆನು ಮತ್ತು ನೀರಿನ ಜಗ್ಗು, ಉಪ್ಪುಖಾರದ ಕುರುಕಲು ಮಾತ್ರ ಸಾಲದು, ಅದು ಬಾಯಾರಿಕೆ ಹೆಚ್ಚಿಸುತ್ತೆ.

ಮನೆ 5: ಒಪ್ಪಿದೆ. ಇನ್ನು ಕೊನೆಯ ಆರ್ಡರ್ ಮುಚ್ಚುವ ಅರ್ಧ ಗಂಟೆ ಮೊದಲು. ಆಗಲೇ ಸಂಗೀತ ತಗ್ಗಿಸಿ, ದೀಪ ಮೆಲ್ಲಗೆ ಏರಿಸಿದರೆ ಎಲ್ಲರೂ ಒಂದೇ ಸಲ ಬೀದಿಗೆ ಬರಲ್ಲ. ಸಿಗರೇಟಿನ ಜಾಗ ಕಿಟಕಿಗಳಿಲ್ಲದ ಬದಿಗೆ ಹೋಗಲಿ. ಖಾಲಿ ಬಾಟಲಿಗಳನ್ನ ರಾತ್ರಿ ಒಳಗೇ ಕ್ರೇಟಿನಲ್ಲಿಟ್ಟು ಬೆಳಿಗ್ಗೆ 8ರ ನಂತರ ಸುರಿಯಲಿ.

ಮನೆ 12: ಬಾಟಲಿ, ಬಾಸ್ ಪೆಟ್ಟಿಗೆ ಸರಿಸೋದು, ಕೊನೆಯ ಆರ್ಡರ್, ಸಿಗರೇಟಿನ ಜಾಗ ಇವಕ್ಕೆ ಹೆಚ್ಚು ಖರ್ಚಿಲ್ಲ, ಈ ವಾರವೇ ಆಗಲಿ ಅಂತ ಕೇಳೋಣ. ಲಿಮಿಟರ್, ಬಾಗಿಲು, ಕೊಳವೆಗೆ ಅವರೇ ದಿನಾಂಕ ಕೊಡಲಿ, ಬರವಣಿಗೆಯಲ್ಲಿ. ಅಲ್ಲಿವರೆಗೆ ಎಲ್ಲರೂ ದಿನಾಂಕ, ಗಂಟೆ, ಯಾವ ಕೋಣೆ, ಕಿಟಕಿ ತೆರೆದಿತ್ತಾ ಮುಚ್ಚಿತ್ತಾ, ಏನು ಕೇಳಿಸಿತು ಅಂತ ಬರೆದಿಡಿ. ಕಿಟಕಿ ವಿಷಯ ಬರೆಯದೆ ಬಿಟ್ಟರೆ ಅವರ ಮೊದಲ ಪ್ರಶ್ನೆಯೇ ಅದಾಗಿರುತ್ತೆ. ಶನಿವಾರ ರಾತ್ರಿ ಅಳತೆಗೆ ಜಂಟಿ ಗೋಡೆ ಕಡೆ ಒಬ್ಬರು ಬೇಕು.

ಮನೆ 18: ನಾನಿದ್ದೀನಿ. ಸಂಗೀತ ಯಾವಾಗ ನಿಲ್ಲಿಸ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.