ನಾಬ್ ಆಫ್‌ನಲ್ಲಿದೆ, ಒಲೆ ಮಾತ್ರ ಕೆಂಪಗೇ ಇದೆ

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ನಾಲ್ಕು ಬರ್ನರ್‌ನ ಕರೆಂಟ್ ಒಲೆ. ಸುರುಳಿ ಕಾಯಿಲ್ ಇರುವಂಥದ್ದು. ನಿನ್ನೆ ರಾತ್ರಿ ಮುಂದಿನ ಎಡಗಡೆ ಬರ್ನರ್ ಆಫ್ ಆಗಲೇ ಇಲ್ಲ. ನಾಬ್ ತಿರುಗಿಸಿ, ಪಾತ್ರೆ ಇಳಿಸಿ ಆಚೆ ಹೋದೆ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಕಾಯಿಲ್ ಕೆಂಡದ ಹಾಗೆ ಹೊಳೆಯುತ್ತಿತ್ತು. ಮೂರು ನಾಲ್ಕು ಸಲ ಆನ್ ಆಫ್ ಮಾಡಿದೆ, ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಹೆದರಿ ಬೋರ್ಡಿನಲ್ಲಿ ಒಲೆಯ ಕರೆಂಟ್ ಕಡಿಯುವ ಸ್ವಿಚ್ಚು, ಅದೇ ಎಂಸಿಬಿ, ಇಳಿಸಿಬಿಟ್ಟೆ. ಈಗ ನಾಲ್ಕೂ ಬರ್ನರ್ ಬಂದ್. ಹೊಸ ನಾಬ್ ಹಾಕಿದರೆ ಸರಿಹೋಗುತ್ತಾ? ಇಲ್ಲ ಒಲೆಯೇ ಹೋಯಿತಾ?

ರಿಪೇರಿಯವರು: ಎಂಸಿಬಿ ಇಳಿಸಿದಿರಲ್ಲ, ಅದೇ ಸರಿ. ಅದನ್ನು ಹಾಗೇ ಬಿಟ್ಟಿರಿ. ಉಳಿದ ಮೂರು ಬರ್ನರ್ ಚೆನ್ನಾಗಿವೆ ಅಂತ ಮೇಲೆತ್ತಬೇಡಿ, ಎತ್ತಿದ ತಕ್ಷಣ ನಾಲ್ಕನೆಯದೂ ಕಾಯಲು ಶುರುವಾಗುತ್ತದೆ.

ಒಲೆ ಹೋಗಿಲ್ಲ. ನನಗೆ ಮೂರು ವಿಷಯ ಹೇಳಿ. ಈಚೆಗೆ ಆ ಬರ್ನರ್ ಸಣ್ಣ ಉರಿಗೆ ಇಟ್ಟರೂ ಜೋರಾಗಿ ಕಾಯುತ್ತಿತ್ತಾ? ಮೊದಲೆಲ್ಲ ಉರಿಯುವಾಗ ಆಗಾಗ ‘ಟಿಕ್’ ಅನ್ನುತ್ತಿತ್ತಲ್ಲ, ಆ ಸದ್ದು ಈಗಲೂ ಇದೆಯಾ? ನಾಬ್ ಆಫ್‌ಗೆ ಬಂದಾಗ ಗಟ್ಟಿಯಾಗಿ ಕೂರುತ್ತದಾ, ಅಥವಾ ಸಡಿಲವಾಗಿ ಸುಮ್ನೆ ಸುತ್ತುತ್ತದಾ?

ಪ್ರಶ್ನೆ ಕೇಳಿದವರು: ಹೌದು ಸರ್! ಎರಡು ವಾರದಿಂದ ಸಣ್ಣಗೆ ಇಟ್ಟರೂ ತಳ ಹಿಡಿಯುತ್ತಿತ್ತು. ಪಾತ್ರೆಯ ತಳ ತೆಳ್ಳಗಿದೆ ಅಂದುಕೊಂಡು ಪಾತ್ರೆ ಬದಲಾಯಿಸಿದ್ದೆ. ಟಿಕ್ ಸದ್ದಿನ ಮೇಲೆ ಗಮನವೇ ಇರಲಿಲ್ಲ. ನೀವು ಕೇಳಿದ ಮೇಲೆ ಯೋಚಿಸಿದರೆ, ಈಚೆಗೆ ಕೇಳಿದ ನೆನಪಿಲ್ಲ. ನಾಬ್ ಆಫ್‌ಗೆ ಬಂದು ಕೂರುತ್ತದೆ, ಆದರೆ ಮೊದಲಿನಷ್ಟು ಗಟ್ಟಿ ಇಲ್ಲ.

ರಿಪೇರಿಯವರು: ಅಲ್ಲಿಗೆ ಮುಕ್ಕಾಲು ಪಾಲು ಗೊತ್ತಾಯಿತು. ಪಾತ್ರೆಯ ತಪ್ಪೇನಿಲ್ಲ ಮೇಡಂ. ಎರಡು ವಾರದಿಂದ ಕೆಟ್ಟಿದ್ದು ನಾಬ್ ಹಿಂದಿರುವ ಸ್ವಿಚ್ಚು. ಅದನ್ನು ಸಿಮ್ಮರ್‌ಸ್ಟಾಟ್ ಅಂತಲೂ ಇನ್ಫಿನಿಟ್ ಸ್ವಿಚ್ ಅಂತಲೂ ಕರೆಯುತ್ತಾರೆ.

ಇದು ಫ್ಯಾನಿನ ರೆಗ್ಯುಲೇಟರ್ ಥರ ಅಲ್ಲ. ಕಾಯಿಲ್‌ಗೆ ಹೋಗುವ ಕರೆಂಟನ್ನು ಇದು ಕಡಿಮೆ ಮಾಡುವುದಿಲ್ಲ. ಪೂರ್ತಿ ಕೊಡುತ್ತದೆ, ಪೂರ್ತಿ ನಿಲ್ಲಿಸುತ್ತದೆ, ಮತ್ತೆ ಕೊಡುತ್ತದೆ. ಸಣ್ಣ ಉರಿ ಅಂದರೆ ಸ್ವಲ್ಪ ಹೊತ್ತು ಕಾದು ಜಾಸ್ತಿ ಹೊತ್ತು ಸುಮ್ಮನಿರುವುದು, ಅಷ್ಟೇ. ಈ ಕೆಲಸಕ್ಕೆ ಸ್ವಿಚ್ಚಿನೊಳಗೆ ಒಂದು ಬೈಮೆಟಲ್ ಪಟ್ಟಿ, ಅಂದರೆ ಎರಡು ಬೇರೆ ಲೋಹ ಒಂದಕ್ಕೊಂದು ಅಂಟಿಸಿದ ಪಟ್ಟಿ, ಇರುತ್ತದೆ, ಪಕ್ಕದಲ್ಲೇ ಪುಟ್ಟ ಹೀಟರ್. ಪಟ್ಟಿ ಕಾದಾಗ ಬಗ್ಗುತ್ತದೆ, ಪಾಯಿಂಟ್ (ಕರೆಂಟ್ ದಾಟಲು ಒಂದಕ್ಕೊಂದು ತಾಗುವ ಲೋಹದ ತುದಿಗಳು) ಬಿಡುತ್ತದೆ. ತಣಿದಾಗ ನೆಟ್ಟಗಾಗುತ್ತದೆ, ಪಾಯಿಂಟ್ ಸೇರುತ್ತದೆ. ನಿಮಗೆ ಕೇಳಿಸುತ್ತಿದ್ದ ಟಿಕ್ ಅದೇ.

ಪ್ರತಿ ಸಲ ಪಾಯಿಂಟ್ ಬಿಟ್ಟು ಸೇರುವಾಗ ಒಂದು ಸಣ್ಣ ಕಿಡಿ ಹಾರುತ್ತದೆ. 1800 ವ್ಯಾಟ್ ಕಾಯಿಲ್ ಆದರೆ 230 ವೋಲ್ಟ್‌ನಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ, ಕಡಿಮೆಯೇನಲ್ಲ. ವರ್ಷಗಟ್ಟಲೆ ಕಿಡಿ ತಿಂದು ಪಾಯಿಂಟ್ ಮುಖ ಒರಟಾಗುತ್ತದೆ. ಒಂದು ದಿನ ಎರಡೂ ಕರಗಿ ಅಂಟಿಕೊಳ್ಳುತ್ತವೆ, ವೆಲ್ಡಿಂಗ್ ಮಾಡಿದ ಹಾಗೆ. ಆಮೇಲೆ ಪಟ್ಟಿ ಎಷ್ಟೇ ಬಗ್ಗಿದರೂ ಬಿಡುವುದಿಲ್ಲ. ಟಿಕ್ ನಿಲ್ಲುತ್ತದೆ, ಎಲ್ಲಿಟ್ಟರೂ ಪೂರ್ತಿ ಉರಿ. ನಿಮ್ಮ ಎರಡು ವಾರದ ಕಥೆ ಇದು.

ಹಾಗಾದರೆ ಅಷ್ಟು ದಿನ ಆಫ್ ಹೇಗೆ ಆಗುತ್ತಿತ್ತು? ಇಂಥ ಬಹಳ ಸ್ವಿಚ್ಚುಗಳಲ್ಲಿ ಎರಡು ಜೋಡಿ ಪಾಯಿಂಟ್ ಇರುತ್ತವೆ. ಒಂದು ಜೋಡಿ ಟಿಕ್ ಟಿಕ್ ಅನ್ನುವುದು. ಇನ್ನೊಂದು ನಾಬ್ ಆಫ್‌ಗೆ ಬಂದಾಗ ಮಾತ್ರ ಬಿಡುವುದು. ಮೊದಲನೆಯದು ಅಂಟಿದರೂ ಎರಡನೆಯದು ನಿಮ್ಮನ್ನು ಕಾಪಾಡುತ್ತಿತ್ತು. ನಿನ್ನೆ ಅದೂ ಕೈಕೊಟ್ಟಿದೆ. ಆ ಜೋಡಿಯೂ ಅಂಟಿರಬಹುದು, ಅಥವಾ ಅದನ್ನು ತಳ್ಳುವ ಒಳಗಿನ ಪ್ಲಾಸ್ಟಿಕ್ ತುಂಡು ಬಿಸಿಗೆ ಮೆತ್ತಗಾಗಿರಬಹುದು. ನಾಬ್ ಮೊದಲಿನಷ್ಟು ಗಟ್ಟಿ ಇಲ್ಲ ಅಂದಿರಲ್ಲ, ನನಗೆ ಆ ಪ್ಲಾಸ್ಟಿಕ್ ತುಂಡಿನ ಮೇಲೇ ಅನುಮಾನ.

ನಾಬ್ ಒಂದನ್ನೇ ಬದಲಾಯಿಸಿ ಉಪಯೋಗ ಇಲ್ಲ. ಖಾತ್ರಿ ಬೇಕಿದ್ದರೆ ನಾಬ್ ಎಳೆದು ತೆಗೆಯಿರಿ, ಪಕ್ಕದ ಬರ್ನರ್‌ನ ನಾಬ್ ಹಾಕಿ ತಿರುಗಿಸಿ. ಅದೂ ಹೀಗೇ ಸಡಿಲ ಇದ್ದರೆ ತಪ್ಪು ಸ್ವಿಚ್ಚಿನದು.

ಇನ್ನೊಬ್ಬರು: ನಮ್ಮ ಒಲೆಗೂ ಹೀಗೇ ಆಗಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ಸ್ವಿಚ್ ಮೇಲೆ ಎರಡು ಏಟು ಕೊಟ್ಟೆ, ಸರಿಹೋಯಿತು. ಸುಮ್ನೆ ಯಾಕೆ ಖರ್ಚು?

ರಿಪೇರಿಯವರು: ಸರ್, ಅಂಟಿದ ಪಾಯಿಂಟ್ ಏಟಿಗೆ ಬಿಡುತ್ತದೆ, ನಿಜ. ಆದರೆ ಬಿಟ್ಟ ಜಾಗ ಇನ್ನೂ ಒರಟಾಗಿರುತ್ತದೆ. ಮುಂದಿನ ಸಲ ಇನ್ನೂ ಬೇಗ ಅಂಟುತ್ತದೆ. ಅದು ನೀವು ಮನೆಯಲ್ಲಿ ಇಲ್ಲದಾಗಲೋ ಮಲಗಿದಾಗಲೋ ಆದರೆ? ಪಾಯಿಂಟ್ ಉಜ್ಜುವುದು, ಸ್ಪ್ರೇ ಹೊಡೆಯುವುದು ಕೂಡ ಇದಕ್ಕಲ್ಲ. ಈ ಸ್ವಿಚ್ಚು ಬಿಚ್ಚಿ ರಿಪೇರಿ ಮಾಡುವ ವಸ್ತುವೇ ಅಲ್ಲ. ತೆಗೆದು ಬೇರೆ ಹಾಕಬೇಕು. ನಿಮ್ಮದನ್ನೂ ಬದಲಾಯಿಸಿಬಿಡಿ.

ಪ್ರಶ್ನೆ ಕೇಳಿದವರು: ನಮ್ಮ ತಮ್ಮ ಎಲೆಕ್ಟ್ರಾನಿಕ್ಸ್ ಓದಿದ್ದಾನೆ, ಮಲ್ಟಿಮೀಟರ್ ಇದೆ. ನಾಳೆ ಬರುತ್ತಾನೆ. ಏನೇನು ನೋಡಬೇಕು ಹೇಳುತ್ತೀರಾ? ಕಾಯಿಲ್ ಕೆಟ್ಟಿದ್ದರೂ ಹೀಗೆ ಆಗಬಹುದಾ?

ರಿಪೇರಿಯವರು: ಆಗಬಹುದು, ಒಳ್ಳೆ ಪ್ರಶ್ನೆ. ಕಾಯಿಲ್‌ನ ಒಳಗಿನ ತಂತಿ ಹೊರಗಿನ ಲೋಹದ ಕೊಳವೆಗೆ ತಾಗಿದರೆ ಕರೆಂಟ್ ಸ್ವಿಚ್ಚನ್ನು ದಾಟಿಕೊಂಡು ನೇರ ಅರ್ತ್‌ಗೆ ಹರಿಯುತ್ತದೆ. ಕೆಲವು ದೇಶಗಳಲ್ಲಿ ಒಲೆಗೆ ಎರಡು ಲೈವ್ ವೈರ್ ಬರುತ್ತವೆ, ಅಲ್ಲಿ ಇದು ಜಾಸ್ತಿ. ಸ್ವಿಚ್ಚಿನ ಒಂದು ಬದಿ ಬಿಟ್ಟರೂ ಇನ್ನೊಂದು ಲೈವ್‌ನಿಂದ ಅರ್ಧ ಕಾಯಿಲ್ ಕಾಯುತ್ತಲೇ ಇರುತ್ತದೆ. ಹಾಗಾದಾಗ ಸುರುಳಿಯ ಒಂದು ಭಾಗ ಮಾತ್ರ ಕೆಂಪಾಗಿ ಉಳಿದದ್ದು ಕಪ್ಪಗಿರುತ್ತದೆ. ಒಂದೇ ಲೈವ್ ಬರುವ ಕಡೆ ಲೀಕೇಜ್ ಬ್ರೇಕರ್ (ಕರೆಂಟ್ ಅರ್ತ್‌ಗೆ ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು) ಇದ್ದರೆ ಅದು ತಟ್ಟನೆ ಬೀಳಬೇಕು. ನಿಮ್ಮದು ಇಡೀ ಸುರುಳಿ ಕೆಂಪಗಿತ್ತು ಅಂದುಕೊಳ್ಳುತ್ತೇನೆ. ಆದರೂ ಅಳೆದು ನೋಡುವುದು ಒಳ್ಳೆಯದು.

ತಮ್ಮನಿಗೆ ಹೀಗೆ ಹೇಳಿ. ಮೊದಲು ಎಂಸಿಬಿ ಇಳಿದಿದೆಯಾ ಅಂತ ನೋಡಿದರೆ ಸಾಲದು. ಒಲೆಯ ವೈರ್ ಬರುವ ಜಾಗದಲ್ಲಿ ಮೀಟರ್ ಇಟ್ಟು ವೋಲ್ಟೇಜ್ ಸೊನ್ನೆ ಇದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಬೋರ್ಡಿನ ಮೇಲೆ ‘ಒಲೆ’ ಅಂತ ಬರೆದದ್ದನ್ನು ನಂಬಿ ಏಟು ತಿಂದವರಲ್ಲಿ ನಾನೂ ಒಬ್ಬ. ಆಮೇಲೆ ಪ್ಯಾನೆಲ್ ಬಿಚ್ಚಿ, ವೈರ್ ಮುಟ್ಟುವ ಮುಂಚೆ ಫೋಟೋ ತೆಗೆಯಬೇಕು. ಒಂದಲ್ಲ, ನಾಲ್ಕು ತೆಗೆಯಿರಿ. ಸ್ವಿಚ್ಚಿನ ಮೇಲೆ ಸಾಮಾನ್ಯವಾಗಿ ಎಲ್1, ಎಲ್2, ಎಚ್1, ಎಚ್2, ಪಿ ಅಂತ ಇರುತ್ತದೆ. ಎಲ್ ಅಂದರೆ ಒಳಗೆ ಬರುವ ಲೈನ್, ಎಚ್ ಅಂದರೆ ಕಾಯಿಲ್‌ಗೆ ಹೋಗುವುದು, ಪಿ ಅಂದರೆ ಇಂಡಿಕೇಟರ್ ದೀಪ. ಕೆಲವು ಕಂಪನಿಯವರದು ಬೇರೆ ಗುರುತು.

ವೈರ್‌ಗಳನ್ನು ತೆಗೆದು, ನಾಬ್ ಆಫ್‌ನಲ್ಲಿಟ್ಟು, ಮೀಟರನ್ನು ಬೀಪ್ ಸದ್ದಿಗೆ ಇಟ್ಟು, ಎಲ್1 ಮತ್ತು ಎಚ್1 ನಡುವೆ ಅಳೆಯಿರಿ. ಎಲ್2 ಮತ್ತು ಎಚ್2 ನಡುವೆಯೂ ಅಷ್ಟೇ. ಎರಡೂ ಕಡೆ ಮೀಟರ್ ಸುಮ್ಮನಿರಬೇಕು. ಬೀಪ್ ಅಂದರೆ ಆ ಜೋಡಿ ಅಂಟಿದೆ. ನಂತರ ಕಾಯಿಲ್ ತೆಗೆದು ಅದರ ಎರಡು ತುದಿ ಅಳೆಯಿರಿ. 1800 ವ್ಯಾಟ್, 230 ವೋಲ್ಟ್ ಆದರೆ 29 ಓಮ್ ಆಸುಪಾಸು ಬರಬೇಕು. ಕೊನೆಗೆ ಕಾಯಿಲ್‌ನ ಒಂದು ತುದಿ ಮತ್ತು ಹೊರಗಿನ ಕೊಳವೆ ನಡುವೆ. ಅಲ್ಲಿ ಏನೂ ತೋರಿಸಬಾರದು.

ಇನ್ನೊಂದು ಮುಖ್ಯ ವಿಷಯ. ವೈರ್ ತುದಿಯ ಕ್ಲಿಪ್‌ಗಳನ್ನು ಎಳೆಯುವಾಗ ಬಿಗಿ ಹೇಗಿದೆ ಅಂತ ಕೈಗೆ ಗೊತ್ತಾಗಲಿ. ಯಾವುದಾದರೂ ಸುಲಭವಾಗಿ ಕಳಚಿ ಬಂತಾ? ಕಂದು ಬಣ್ಣಕ್ಕೆ ತಿರುಗಿದೆಯಾ?

ಮತ್ತೊಬ್ಬರು: ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಗಾಜಿನ ಮೇಲ್ಮೈಯ ಕರೆಂಟ್ ಒಲೆ. ಆಫ್ ಮಾಡಿ ಎರಡು ಗಂಟೆ ಆದರೂ ಕೆಂಪು ದೀಪ ಉರಿಯುತ್ತಲೇ ಇದೆ. ಅದೂ ಇದೇ ಕಾಯಿಲೆನಾ?

ರಿಪೇರಿಯವರು: ಗಾಜು ತಣ್ಣಗಿದೆಯಾ? ಮುಟ್ಟಬೇಡಿ, ಸ್ವಲ್ಪ ಎತ್ತರದಲ್ಲಿ ಅಂಗೈ ಹಿಡಿದು ನೋಡಿ. ತಣ್ಣಗಿದ್ದರೆ ಬರ್ನರ್ ಆಫ್ ಆಗಿದೆ, ‘ಬಿಸಿ ಇದೆ’ ಅಂತ ಹೇಳುವ ದೀಪ ಮಾತ್ರ ಸಿಕ್ಕಿಹಾಕಿಕೊಂಡಿದೆ. ಗಾಜಿನ ಕೆಳಗೆ ಕಾಯಿಲ್‌ಗೆ ಅಡ್ಡವಾಗಿ ಒಂದು ಕಡ್ಡಿ ಇರುತ್ತದೆ. ಗಾಜು ಅತಿಯಾಗಿ ಕಾದರೆ ಕರೆಂಟ್ ಕಡಿಯುವುದು ಅದರ ಕೆಲಸ. ಎಷ್ಟೋ ಒಲೆಗಳಲ್ಲಿ ಈ ದೀಪದ ಪಾಯಿಂಟ್ ಕೂಡ ಅದರಲ್ಲೇ ಇರುತ್ತದೆ. ಆ ಪಾಯಿಂಟ್ ಅಂಟಿರುತ್ತದೆ. ಬೆಂಕಿಯ ಭಯ ಇಲ್ಲ, ಆದರೆ ಬೇಗ ಸರಿ ಮಾಡಿಸಿ. ದೀಪ ಯಾವಾಗಲೂ ಉರಿಯುತ್ತಿದ್ದರೆ ನಿಜವಾಗಿ ಬಿಸಿ ಇರುವ ದಿನ ಯಾರೂ ನಂಬುವುದಿಲ್ಲ.

ಗಾಜು ಇನ್ನೂ ಬಿಸಿ ಇದ್ದರೆ ಬೇರೆ ಮಾತು. ಆಗ ಎಂಸಿಬಿ ಇಳಿಸಿ. ಬೇಗ ತಣಿಯಲಿ ಅಂತ ನೀರು ಮಾತ್ರ ಸುರಿಯಬೇಡಿ, ಗಾಜು ಸೀಳುತ್ತದೆ. ನಾಬ್ ಬದಲು ಬೆರಳಲ್ಲಿ ಮುಟ್ಟುವ ಪ್ಯಾನೆಲ್ ಇದ್ದರೆ, ಒಳಗೆ ಬೋರ್ಡ್ ಮೇಲಿನ ರಿಲೇ ಅನ್ನುವ ಸ್ವಿಚ್ಚು ಅಂಟಿರಬಹುದು. ಅದನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ.

ಮಗದೊಬ್ಬರು: ನಮ್ಮ ಗ್ಯಾಸ್ ಒಲೆಯಲ್ಲಿ ನಾಬ್ ಪೂರ್ತಿ ಆಫ್ ಮಾಡಿದರೂ ಒಂದು ಚಿಕ್ಕ ನೀಲಿ ಉರಿ ಉಳಿಯುತ್ತದೆ. ನಾನು ಬಾಯಲ್ಲಿ ಊದಿ ಆರಿಸುತ್ತೇನೆ. ಪರವಾಗಿಲ್ಲ ಅಲ್ವಾ?

ರಿಪೇರಿಯವರು: ದಯವಿಟ್ಟು ಇವತ್ತಿನಿಂದ ಊದಬೇಡಿ! ಉರಿ ಆರುತ್ತದೆ, ಗ್ಯಾಸ್ ನಿಲ್ಲುವುದಿಲ್ಲ. ಅದು ಕೋಣೆಯೊಳಗೆ ತುಂಬುತ್ತಾ ಹೋಗುತ್ತದೆ. ಸಿಲಿಂಡರ್ ಆದರೆ ರೆಗ್ಯುಲೇಟರ್, ಪೈಪ್ ಆದರೆ ಗೋಡೆಯ ವಾಲ್ವ್ ಬಂದ್ ಮಾಡಿ. ಪೈಪಿನಲ್ಲಿ ಉಳಿದ ಗ್ಯಾಸ್ ಉರಿದು ತಾನಾಗಿ ಆರುತ್ತದೆ. ರಿಪೇರಿ ಆಗುವ ತನಕ ಆ ಒಲೆ ಹಚ್ಚಲೇಬೇಡಿ.

ಚಿಕ್ಕ ಉರಿ ಉಳಿಯುವುದು ಅಂದರೆ ಒಲೆಯ ವಾಲ್ವ್ ಒಳಗಿನ ಶಂಕುವಿನಂಥ ತುಂಡು ಸವೆದಿದೆ, ಇಲ್ಲ ಗ್ರೀಸ್ ಒಣಗಿ ಸರಿಯಾಗಿ ಕೂರುತ್ತಿಲ್ಲ. ಅಡುಗೆ ಎಣ್ಣೆ ಬಿಡುವವರಿದ್ದಾರೆ, ಬಿಡಬೇಡಿ, ಕಾದು ಅಂಟಾಗುತ್ತದೆ. ಗ್ಯಾಸ್ ವಾಲ್ವ್‌ಗೇ ಬೇರೆ ಗ್ರೀಸ್ ಇದೆ. ಗ್ಯಾಸಿನವರನ್ನು ಕರೆಸಿ, ಕೆಲಸ ಮುಗಿದ ಮೇಲೆ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದಾ ಅಂತ ನಿಮ್ಮೆದುರೇ ತೋರಿಸಲು ಹೇಳಿ. ನಾಬ್ ಸುತ್ತುತ್ತಲೇ ಇದ್ದು ಉರಿ ಕಡಿಮೆಯೇ ಆಗದಿದ್ದರೆ ಮಾತ್ರ ಅದು ನಾಬ್‌ನ ಸಮಸ್ಯೆ. ಒಳಗಿನ ತೂತು ಒಡೆದು ಸರಳಿನ ಮೇಲೆ ಜಾರುತ್ತಿರುತ್ತದೆ.

ಪ್ರಶ್ನೆ ಕೇಳಿದವರು: ಸರ್, ತಮ್ಮ ಬಂದು ನೋಡಿದ. ಆಫ್‌ನಲ್ಲಿ ಎಲ್1 ಎಚ್1 ಬೀಪ್, ಎಲ್2 ಎಚ್2 ಕೂಡ ಬೀಪ್! ಪಕ್ಕದ ಸ್ವಿಚ್ಚಿನಲ್ಲಿ ಎರಡೂ ಸುಮ್ಮನಿವೆ. ಕಾಯಿಲ್ 30 ಓಮ್, ಕೊಳವೆಗೆ ಏನೂ ತಾಗಿಲ್ಲ. ಎಚ್2 ಕ್ಲಿಪ್ ಬೆರಳಲ್ಲಿ ಮುಟ್ಟಿದರೆ ಕಳಚಿ ಬಂತು. ಅದರ ಪ್ಲಾಸ್ಟಿಕ್ ತೋಳು ಸುಟ್ಟು ಪುಡಿಪುಡಿ. ಸ್ವಿಚ್ಚಿನ ಆ ಮೂಲೆಯೂ ಕಂದು ಬಣ್ಣ, ಸ್ವಲ್ಪ ಉಬ್ಬಿದೆ.

ರಿಪೇರಿಯವರು: ಸಿಕ್ಕಿತಲ್ಲ ಕಳ್ಳ! ಕ್ಲಿಪ್ ಸಡಿಲ ಇದ್ದರೆ ಆ ಜಾಗದಲ್ಲೇ ಬಿಸಿ ಹುಟ್ಟುತ್ತದೆ. ಆ ಬಿಸಿ ಟರ್ಮಿನಲ್ ಮೂಲಕ ಸ್ವಿಚ್ಚಿನೊಳಗೆ ಹೋಗಿ ಪ್ಲಾಸ್ಟಿಕ್ ಹಾಳು ಮಾಡಿದೆ. ಈಗ ಬರೀ ಸ್ವಿಚ್ ಬದಲಾಯಿಸಿ ಹಳೆ ಕ್ಲಿಪ್ಪೇ ಹಾಕಿದರೆ ಹೊಸದೂ ಹೀಗೇ ಸುಡುತ್ತದೆ. ‘ಸ್ವಿಚ್ಚೇ ಕಳಪೆ, ಪದೇ ಪದೇ ಹೋಗುತ್ತದೆ’ ಅಂತ ಬರುವ ಮನೆಗಳಲ್ಲಿ ನಾನು ಮೊದಲು ನೋಡುವುದು ಕ್ಲಿಪ್ಪನ್ನೇ.

ಸುಟ್ಟ ವೈರನ್ನು ತಾಮ್ರ ಹೊಳೆಯುವ ತನಕ ಹಿಂದಕ್ಕೆ ಕತ್ತರಿಸಿ, ಬಿಸಿ ತಡೆಯುವ ಹೊಸ ಕ್ಲಿಪ್ ಒತ್ತಿಸಿ. ಇಕ್ಕಳದಲ್ಲಿ ಅಮುಕಿ ಬಿಡುವುದಲ್ಲ, ಕ್ರಿಂಪಿಂಗ್ ಉಪಕರಣದಲ್ಲೇ ಆಗಬೇಕು. ಹೊಸ ಸ್ವಿಚ್ ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ವೋಲ್ಟ್, ಆಂಪಿಯರ್, ನಾಬ್ ಕೂರುವ ಸರಳಿನ ಉದ್ದ, ಅದರ ಚಪ್ಪಟೆ ಬದಿ ಯಾವ ಕಡೆಗಿದೆ, ಎಲ್ಲ ಒಂದೇ ಇರಬೇಕು. ಚಪ್ಪಟೆ ಬದಿ ತಿರುಗಾಮುರುಗಾ ಇದ್ದರೆ ನಾಬ್ ಆಫ್ ತೋರಿಸುವಾಗ ಒಲೆ ಆನ್ ಇರುತ್ತದೆ. ದೊಡ್ಡ ಬರ್ನರ್‌ಗೆ ಚಿಕ್ಕದರ ಸ್ವಿಚ್ ಹಾಕಬೇಡಿ.

ಪ್ರಶ್ನೆ ಕೇಳಿದವರು: ಹಾಕಿ ಆಯಿತು ಸರ್. ಕ್ಲಿಪ್ ಎರಡು ಬದಿಯೂ ಹೊಸದು. ಮೊದಲು ಬರೀ ನೀರು ತುಂಬಿದ ಪಾತ್ರೆ ಇಟ್ಟು ನೋಡಿದೆವು. ಸಣ್ಣಗೆ ಇಟ್ಟು ಪಕ್ಕದಲ್ಲೇ ನಿಂತಿದ್ದೆ, ಸ್ವಲ್ಪ ಹೊತ್ತಿಗೆ ಟಿಕ್ ಅಂದಿತು. ತಮ್ಮ ನಗುತ್ತಿದ್ದಾನೆ, ನಾನು ಇನ್ನೊಂದು ಟಿಕ್‌ಗೆ ಕಾಯುತ್ತಿದ್ದೇನೆ.

ರಿಪೇರಿಯವರು: ಆಫ್ ಮಾಡಿ, ಕಾಯಿಲ್ ಪೂರ್ತಿ ಕಪ್ಪಾಗುವ ತನಕ ನೋಡಿ. ಒಂದು ವಾರ ಬಿಟ್ಟು ಎಂಸಿಬಿ ಇಳಿಸಿ ಆ ಕ್ಲಿಪ್ ಒಮ್ಮೆ ಎಳೆದು ನೋಡಲು ತಮ್ಮನಿಗೆ ಹೇಳಿ. ಬಿಗಿ ಇದ್ದರೆ ಪ್ಯಾನೆಲ್ ಮುಚ್ಚಿಬಿಡಿ.